ಪೊರಕೆ ನಮಗೆ, ಲೆಕ್ಕದ ಪುಸ್ತಕ ಅವರಿಗೆ

ಶಾಲೆ ತೆರೆಯುವ ಹೊತ್ತಿಗೆ, ಆಗಸ್ಟ್ 15ರ ಹಿಂದಿನ ದಿನ, ಗಾಂಧಿ ಜಯಂತಿಗೆ, ಹೀಗೆ ವರ್ಷದಲ್ಲಿ ಮೂರು ನಾಲ್ಕು ಸಲವಾದರೂ ಒಂದೇ ಬಗೆಯ ಫೋಟೊಗಳು ನಮ್ಮ ವಾಟ್ಸಾಪ್ ಗುಂಪುಗಳಿಗೆ ಬಂದು ಬೀಳುತ್ತವೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ತಾಯಂದಿರು ಸರ್ಕಾರಿ ಶಾಲೆಯ ಅಂಗಳ ಗುಡಿಸುತ್ತಿರುತ್ತಾರೆ. ಒಂದಿಬ್ಬರು ಅಪ್ಪಂದಿರು ಗುದ್ದಲಿ ಹಿಡಿದು ಕ್ಯಾಮೆರಾ ನೋಡುತ್ತಿರುತ್ತಾರೆ. ಯೂನಿಫಾರ್ಮಿನ ಮಕ್ಕಳು ಕಸದ ಬುಟ್ಟಿ ಹೊತ್ತಿರುತ್ತಾರೆ. ಕೆಳಗೊಂದು ಸಾಲು: ‘ಇಡೀ ಕುಟುಂಬವೇ ಶಾಲೆಗಾಗಿ ಶ್ರಮದಾನ’. ಅದರ ಕೆಳಗೆ ಸಾಲುಸಾಲು ಚಪ್ಪಾಳೆ. ನಾನು ಈ ಚಪ್ಪಾಳೆಯ ವಿರುದ್ಧ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ತಂದೆ ತಾಯಿ, ಅಜ್ಜ ಅಜ್ಜಿ ಶಾಲೆಗೆ ಬರಬಾರದು ಎಂಬುದು ನನ್ನ ವಾದವಲ್ಲ. ಬರಬೇಕು, ಇನ್ನೂ ಹೆಚ್ಚು ಬರಬೇಕು. ಆದರೆ ಯಾವ ಬಾಗಿಲಿಂದ ಬರಬೇಕು, ಬಂದವರ ಕೈಗೆ ಏನು ಕೊಡುತ್ತಾರೆ ಎಂಬುದು ನನ್ನ ಪ್ರಶ್ನೆ. ಸದ್ಯಕ್ಕೆ ಕೊಡುತ್ತಿರುವುದು ಪೊರಕೆ. ಕಾನೂನು ಕೊಡಿ ಎಂದಿರುವುದು ಲೆಕ್ಕದ ಪುಸ್ತಕ.

ನಮ್ಮ ಮನೆ ಇರುವುದು ಮಲವಗೊಪ್ಪದಲ್ಲಿ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಿ.ಎಚ್. ರಸ್ತೆಯ ಮೇಲಿನ ಊರು. ಹೆಸರು ಹೇಳಿದರೆ ಹಳಬರಿಗೆ ಎರಡು ಸಂಗತಿ ನೆನಪಾಗುತ್ತವೆ, ಚನ್ನಬಸವೇಶ್ವರ ದೇವಸ್ಥಾನ ಮತ್ತು ತುಂಗಭದ್ರಾ ಸಕ್ಕರೆ ಕಾರ್ಖಾನೆ. ದೇವಸ್ಥಾನ ಇದೆ, ಕಾರ್ಖಾನೆ ಮುಚ್ಚಿ ದಶಕಗಳಾದವು. ಅತ್ತ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ ಕಾರ್ಖಾನೆ ಕುಂಟುತ್ತಿದೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತುಹೋಗಿವೆ. ಸೈರನ್ನಿಗೆ ಎದ್ದು ಸೈರನ್ನಿಗೆ ಮನೆಗೆ ಬರುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಈಗ ಗಾರ್ಮೆಂಟ್ಸಿಗೆ, ಗಾರೆ ಕೆಲಸಕ್ಕೆ, ಆಟೊ ಓಡಿಸಲಿಕ್ಕೆ, ಸೀಸನ್ನಿನಲ್ಲಿ ಅಡಿಕೆ ಸುಲಿಯಲಿಕ್ಕೆ, ಪೇಟೆಯ ಮನೆಗಳ ಪಾತ್ರೆ ತೊಳೆಯಲಿಕ್ಕೆ ಹೋಗುತ್ತಾರೆ. ತಿಂಗಳ ಸಂಬಳ ಖಾತ್ರಿ ಇರುವವರ ಮಕ್ಕಳನ್ನು ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನು ಬಂದು ಕರೆದೊಯ್ಯುತ್ತದೆ. ಉಳಿದವರ ಮಕ್ಕಳು ಸರ್ಕಾರಿ ಶಾಲೆಗೆ ನಡೆದು ಹೋಗುತ್ತಾರೆ.

ಈ ಇಬ್ಬರಲ್ಲಿ ಶ್ರಮದಾನಕ್ಕೆ ಬನ್ನಿ ಎಂದು ಯಾರನ್ನು ಕರೆಯುತ್ತಾರೆ? ವ್ಯಾನಿನಲ್ಲಿ ಹೋದ ಮಗುವಿನ ಅಪ್ಪ ಫೀಸು ಕಟ್ಟಿ ಕೈ ತೊಳೆದುಕೊಂಡ. ಶಾಲೆಯ ಕಸ ಯಾರು ಗುಡಿಸಿದರು ಎಂದು ಅವನು ಯಾವತ್ತೂ ಯೋಚಿಸಬೇಕಾಗಿಲ್ಲ. ದಿನಗೂಲಿ ಬಿಟ್ಟು ಬರಬೇಕಾದವಳು ನಡೆದು ಹೋಗುವ ಮಗುವಿನ ತಾಯಿ. ದಾನ ಎಂದರೆ ಮಿಕ್ಕಿದ್ದರಲ್ಲಿ ಕೊಡುವುದು. ಒಂದು ದಿನ ತಪ್ಪಿದರೆ ಆ ದಿನದ ಕೂಲಿಯೇ ಇಲ್ಲದವಳ ಹತ್ತಿರ ಮಿಕ್ಕಿದ ದಿನ ಯಾವುದಿದೆ? ಅವಳಿಂದ ಪಡೆದದ್ದಕ್ಕೆ ದಾನ ಎಂಬ ಹೆಸರಿಡುವುದು ಮಾತಿನ ಮೋಸ.

ನನ್ನ ಅಕ್ಕ ಅಂಥವಳು. ಅವಳ ಮಗ ಮೂರನೇ ಕ್ಲಾಸು. ಅವಳು ಶಾಲೆಯ ಎಸ್‌ಡಿಎಂಸಿ ಸದಸ್ಯೆ ಕೂಡ. ಶಾಲೆಯ ಹೆಸರು ಇಲ್ಲಿ ಬೇಡ, ಈ ರಸ್ತೆಯ ಎರಡೂ ಬದಿಯ ಹತ್ತು ಊರುಗಳಲ್ಲಿ ಎಲ್ಲಿ ಹೋದರೂ ಇದೇ ಕಥೆ ಸಿಗುತ್ತದೆ. ಸಭೆ ಇಡುವುದು ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಅಕ್ಕ ಗಾರ್ಮೆಂಟ್ಸಿಗೆ ಹೋಗುವವಳು, ರಜೆ ಹಾಕಿದರೆ ಆ ದಿನದ ಸಂಬಳವಿಲ್ಲ. ಹಾಗಾಗಿ ಗುಡಿಸುವ, ಬಣ್ಣ ಬಳಿಯುವ, ಗಿಡ ನೆಡುವ ದಿನಗಳಲ್ಲಿ ಅವಳ ಬದಲು ನಾನು ಹೋಗುತ್ತೇನೆ. ‘ನೀವು ಪಿಎಚ್‌ಡಿ ಮಾಡ್ತಿರೋರು, ಮನೇಲೇ ಇರ್ತೀರಲ್ಲ, ಬನ್ನಿ’ ಎನ್ನುತ್ತಾರೆ. ಮನೆಯಲ್ಲಿರುವ ಹೆಂಗಸು ಖಾಲಿ ಇರುತ್ತಾಳೆ ಎಂಬ ನಂಬಿಕೆಗೆ ಡಾಕ್ಟರೇಟಿನ ಹಂಗೂ ಇಲ್ಲ.

ಒಮ್ಮೆ ಅಕ್ಕ ಸಂಬಳ ಕಳೆದುಕೊಂಡೇ ಸಭೆಗೆ ಹೋದಳು. ಜೊತೆಗೆ ನಾನೂ ಇದ್ದೆ. ಎಲ್ಲ ಮುಗಿದು ಸಹಿ ಹಾಕುವ ಪುಸ್ತಕ ಬಂದಾಗ ಅವಳು ಕೇಳಿದಳು, ‘ಸಾರ್, ಹೋದ ವರ್ಷ ಶಾಲೆಗೆ ಎಷ್ಟು ದುಡ್ಡು ಬಂತು, ಯಾವ್ದಕ್ಕೆ ಖರ್ಚಾಯ್ತು, ಒಂಚೂರು ಹೇಳ್ತೀರಾ?’ ಕೋಣೆ ತಣ್ಣಗಾಯಿತು. ಹೆಡ್‌ಮಾಸ್ಟರರು ಬೇಸರದಿಂದಲೇ ಹೇಳಿದರು, ‘ಅದೆಲ್ಲ ಆಫೀಸಿನ ವಿಷ್ಯ ಕಣಮ್ಮ, ನಿಮಗ್ಯಾಕೆ ತಲೆನೋವು? ಸಹಿ ಮಾಡಿ ಸಾಕು. ಶನಿವಾರ ಕ್ಲೀನಿಂಗ್ ಇದೆ, ಅದಕ್ಕೆ ನಾಲ್ಕು ಜನಾನ ಕರ್ಕೊಂಡು ಬನ್ನಿ.’

ಅವರನ್ನು ಕಳ್ಳ ಎಂದು ನಾನು ಹೇಳುತ್ತಿಲ್ಲ. ಫಿನಾಯಿಲ್ ಬಾಟಲಿಯನ್ನು ಎಷ್ಟೋ ತಿಂಗಳು ತಮ್ಮ ಜೇಬಿನಿಂದಲೇ ತರುವ ಮನುಷ್ಯ ಅವರು. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಹಾಜರಾತಿ, ಇಷ್ಟರ ನಡುವೆ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುತ್ತಾರೆ. ನನ್ನ ತಕರಾರು ಆ ಒಂದು ವಾಕ್ಯದ ಬಗ್ಗೆ. ಲೆಕ್ಕ ಆಫೀಸಿನದು, ಕ್ಲೀನಿಂಗ್ ನಿಮ್ಮದು. ಪೋಷಕರ ಸಹಭಾಗಿತ್ವ ಎಂದು ರಾಜ್ಯವೆಲ್ಲ ಹಾಡುತ್ತಿರುವುದರ ತಿರುಳು ಇಷ್ಟೇ.

ಎಸ್‌ಡಿಎಂಸಿ ಎಂದು ನಾವು ಕರೆಯುವುದರ ಪೂರ್ತಿ ಹೆಸರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ, 2001ರಲ್ಲಿ ಕರ್ನಾಟಕ ಈ ಸಮಿತಿಗಳನ್ನು ರಚಿಸಿತು. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ ತನ್ನ 21ನೇ ಸೆಕ್ಷನ್ನಿನಲ್ಲಿ ಇದನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು, ಹಿಂದುಳಿದ ಸಮುದಾಯದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಸಿಗಬೇಕು. ಕೆಲಸ ಏನು? ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಸರ್ಕಾರದಿಂದಾಗಲಿ ಬೇರೆಯವರಿಂದಾಗಲಿ ಬಂದ ಹಣ ಹೇಗೆ ಬಳಕೆಯಾಯಿತು ಎಂದು ಪರಿಶೀಲಿಸುವುದು. ಗುಡಿಸುವುದು ಎಂಬ ಪದ ಕಾಯ್ದೆಯ ಆ ಸೆಕ್ಷನ್ನಿನಲ್ಲಿ ಇಲ್ಲ.

ಅಂದರೆ ಅಕ್ಕ ಆವತ್ತು ಕೇಳಿದ್ದು ಅಧಿಕಪ್ರಸಂಗದ ಪ್ರಶ್ನೆಯಲ್ಲ, ಅವಳಿಗೆ ಕಾನೂನು ವಹಿಸಿದ ಕೆಲಸ. ಮೇಲುಸ್ತುವಾರಿ ಎಂಬ ಪದ ಸಮಿತಿಯ ಹೆಸರಿನಲ್ಲೇ ಕೂತಿದೆ. ಇಪ್ಪತ್ತು ವರ್ಷ ಮೀರಿದರೂ ಅದಕ್ಕೆ ನಾವು ಕುರ್ಚಿ ಕೊಟ್ಟಿಲ್ಲ.

ಈಗ ಆಫೀಸಿನ ವಿಷಯವನ್ನೇ ನಾವೇ ಕೂತು ಲೆಕ್ಕ ಹಾಕೋಣ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ ಸರ್ಕಾರಿ ಶಾಲೆಗೆ ವರ್ಷಕ್ಕೊಂದು ಶಾಲಾ ಅನುದಾನ ಬರುತ್ತದೆ. 30ಕ್ಕಿಂತ ಹೆಚ್ಚು, ಹೆಚ್ಚೆಂದರೆ 100 ಮಕ್ಕಳಿರುವ ಶಾಲೆಗೆ ಅದು 25 ಸಾವಿರ ರೂಪಾಯಿ. ಅದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು. ಶೇ 10 ಅಂದರೆ 2,500 ರೂಪಾಯಿ. ಶಾಲೆ ನಡೆಯುವ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 250. ಈ 250ರಲ್ಲಿ ತೊಂಬತ್ತು ಮಕ್ಕಳು ಬಳಸುವ ಶೌಚಾಲಯಕ್ಕೆ ಫಿನಾಯಿಲ್, ಬ್ರಷ್, ಸೋಪು ತರಬೇಕು. ತೊಳೆಯುವವರಿಗೆ ಕೂಲಿಯನ್ನೂ ಇದರಲ್ಲೇ ಕೊಡುತ್ತೇವೆ ಎಂದರೆ ಯಾರೂ ನಗದೆ ಇರಲಾರರು. ಅನುದಾನದ ಉಳಿದ ಹಣದಲ್ಲಿ ಕರೆಂಟು, ನೀರು, ಸೀಮೆಸುಣ್ಣ, ರಿಪೇರಿ ಎಲ್ಲವೂ ಆಗಬೇಕು. ಈ ಲೆಕ್ಕ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿದ್ದರೆ, ಪೋಷಕರು ಶನಿವಾರ ಪೊರಕೆ ಹಿಡಿದು ಶಾಲೆಗೆ ಬರುತ್ತಿರಲಿಲ್ಲ, ಅರ್ಜಿ ಹಿಡಿದು ಬಿಇಒ ಕಚೇರಿಗೆ ಹೋಗುತ್ತಿದ್ದರು. ಲೆಕ್ಕ ಮುಚ್ಚಿಟ್ಟರೆ ಉಳಿಯುವುದು ಹೆಡ್‌ಮಾಸ್ಟರರ ಮಾನ ಅಲ್ಲ, ಮೇಲಿನವರ ಮಾನ.

2022ರ ಅಕ್ಟೋಬರ್ ತಿಂಗಳು ನೆನಪಿದೆಯೇ? ಸಾರ್ವಜನಿಕ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಸರ್ಕಾರಿ ಶಾಲೆಯ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆಯನ್ನು ಎಸ್‌ಡಿಎಂಸಿಗಳು ಪಡೆಯಬಹುದು ಎಂದಿತು. ‘ಸ್ವಯಂಪ್ರೇರಿತ’ ಎಂಬ ಪದವನ್ನೂ ಸೇರಿಸಿತು. ವಿರೋಧ ಎದ್ದಿತು, ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು. ನಾವೂ ಮರೆತೆವು. ಆದರೆ ಆ ಸುತ್ತೋಲೆಯ ಹಿಂದಿನ ತರ್ಕ ವಾಪಸಾಗಲಿಲ್ಲ. ತೊಂಬತ್ತು ಮಕ್ಕಳ ಶಾಲೆಯಲ್ಲಿ ತಲೆಗೆ 100ರಂತೆ ಹತ್ತು ತಿಂಗಳಿಗೆ 90 ಸಾವಿರ. ಸರ್ಕಾರ 25 ಸಾವಿರ ಕೊಡುವ ಶಾಲೆಗೆ ಕೂಲಿ ಮಾಡುವವರು 90 ಸಾವಿರ ಕೊಡಬೇಕು ಎಂದಾಯಿತು. ಇದು ದೇಣಿಗೆಯೋ, ಹೊಸ ಕಂದಾಯವೋ?

ಸ್ವಯಂಪ್ರೇರಿತ ಎಂಬ ಪದದ ಬಗ್ಗೆಯೂ ಒಂದು ಮಾತು. ಮಗುವನ್ನು ದಿನಕ್ಕೆ ಆರು ತಾಸು ಯಾರ ಕೈಗೆ ಒಪ್ಪಿಸಿದ್ದೇವೋ ಅವರು ಕೇಳಿದಾಗ ಇಲ್ಲ ಎನ್ನುವ ಧೈರ್ಯ ಯಾವ ತಾಯಿಗಿದೆ? ‘ನಿಮ್ಮಮ್ಮ ಬರಲೇ ಇಲ್ವಲ್ಲೋ’ ಎಂದು ತರಗತಿಯಲ್ಲಿ ಒಂದು ಮಾತು ಬಂದರೆ ಸಾಕು, ಸಂಜೆ ಆ ಮಗು ಅಳುತ್ತ ಮನೆಗೆ ಬರುತ್ತದೆ. ಬೇಡ ಎನ್ನುವ ಸ್ವಾತಂತ್ರ್ಯ ಇಲ್ಲದ ಕಡೆ ಸ್ವಇಚ್ಛೆ ಇರುವುದಿಲ್ಲ. ನಮ್ಮ ಕಡೆ ಅದಕ್ಕೆ ಹಳೆಯ ಹೆಸರೊಂದಿದೆ: ಬಿಟ್ಟಿ ಚಾಕರಿ.

ಬಿಟ್ಟಿ ಚಾಕರಿ ಎಂದಮೇಲೆ ಜಾತಿಯ ಮಾತನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ರಾಜ್ಯವನ್ನು ಬೆಚ್ಚಿಬೀಳಿಸಿತು. ಅದೇ ತಿಂಗಳು ನಮ್ಮ ಭದ್ರಾವತಿ ತಾಲ್ಲೂಕಿನ ಶಾಲೆಯೊಂದರಲ್ಲಿ ಮಕ್ಕಳು ಶೌಚಾಲಯ ತೊಳೆಯುವ ವಿಡಿಯೊ ಕೂಡ ಸುದ್ದಿಯಾಯಿತು. ಅಮಾನತುಗಳಾದವು, ಎಚ್ಚರಿಕೆಯ ಸುತ್ತೋಲೆಗಳು ಬಂದವು. ಇನ್ನು ಮೇಲೆ ಮಕ್ಕಳಿಂದ ತೊಳೆಸಕೂಡದು. ಸರಿ. ಹಾಗಾದರೆ ತೊಳೆಯುವವರು ಯಾರು? ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅದಕ್ಕೆಂದು ಒಬ್ಬ ಕಾಯಂ ನೌಕರ ಇಲ್ಲ. ಮಕ್ಕಳ ಕೈಯಿಂದ ಬಿದ್ದ ಬ್ರಷ್ಷು ಮಕ್ಕಳ ತಾಯಂದಿರ ಕೈಗೆ ಬಂತು, ಅಷ್ಟೆ. ತಾಯಂದಿರಲ್ಲೂ ಎಲ್ಲರ ಕೈಗೆ ಬರುವುದಿಲ್ಲ. ನಾನು ಹೋದ ಶ್ರಮದಾನಗಳಲ್ಲಿ ನೋಡಿದ್ದೇನೆ: ತೋರಣ ಕಟ್ಟುವುದು, ರಂಗೋಲಿ ಹಾಕುವುದು ಯಾರ ಪಾಲಿಗೆ, ಶೌಚಾಲಯದ ಹಿಂದಿನ ಚರಂಡಿ ಯಾರ ಪಾಲಿಗೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹತ್ತು ನಿಮಿಷದಲ್ಲಿ ಗುಂಪು ತಾನೇ ಎರಡಾಗುತ್ತದೆ. ಮಕ್ಕಳು ಕಿಟಕಿಯಿಂದ ನೋಡುತ್ತಿರುತ್ತಾರೆ. ಪುಸ್ತಕದಲ್ಲಿ ಸಮಾನತೆಯ ಪಾಠ ಓದಿ, ಅಂಗಳದಲ್ಲಿ ಅದರ ವಿರುದ್ಧದ ಪಾಠವನ್ನು ಕಣ್ಣಾರೆ ಕಲಿಯುತ್ತಾರೆ.

ಸೇವೆ ಎಂಬ ಪದಕ್ಕೆ ಹೆಂಗಸರ ದುಡಿಮೆಯನ್ನು ಅಗ್ಗ ಮಾಡುವ ವಿಚಿತ್ರ ಶಕ್ತಿಯಿದೆ. ಅದೇ ಶಾಲೆಯ ಅಡುಗೆಮನೆಗೆ ಬನ್ನಿ. ಬಿಸಿಯೂಟದ ಅಡುಗೆಯವರಿಗೆ ಕೇಂದ್ರದ ಯೋಜನೆ 2009ರಲ್ಲಿ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ ಹತ್ತೇ ತಿಂಗಳು. ರಾಜ್ಯ ಸರ್ಕಾರ ತನ್ನ ಪಾಲನ್ನು ಸೇರಿಸುತ್ತ ಬಂದಿದೆ, ಆ ಹೆಂಗಸರು ಬೆಂಗಳೂರಿನ ಬಿಸಿಲಲ್ಲಿ ಕೂತು ಹೋರಾಡಿ ಏರಿಸಿಕೊಂಡದ್ದು. ಆದರೂ ಇವತ್ತಿಗೂ ಅದರ ಹೆಸರು ಗೌರವಧನ. ಸಂಬಳ ಅಲ್ಲ, ಕೂಲಿ ಅಲ್ಲ. ಸಂಬಳ ಎಂದರೆ ಕನಿಷ್ಠ ವೇತನ ಕೇಳುತ್ತಾರೆ, ಪಿಎಫ್ ಕೇಳುತ್ತಾರೆ. ಗೌರವ ಎಂದುಬಿಟ್ಟರೆ ಬಾಯಿ ಮುಚ್ಚುತ್ತದೆ. ಪೋಷಕರ ಶ್ರಮದಾನ ಇದರ ಮುಂದಿನ ಮೆಟ್ಟಿಲು: ಇಲ್ಲಿ ಗೌರವ ಮಾತ್ರ, ಧನವೂ ಇಲ್ಲ.

ಯೋಜನೆಯ ಹೆಸರು ಅಕ್ಷರ ದಾಸೋಹ. ಅಲ್ಲಮ, ಅಕ್ಕಮಹಾದೇವಿ ಹುಟ್ಟಿದ ಜಿಲ್ಲೆ ನಮ್ಮದು. ಶರಣರಲ್ಲಿ ದಾಸೋಹಕ್ಕೆ ಮೊದಲು ಕಾಯಕ ಬರುತ್ತದೆ. ದುಡಿದು ಪಡೆದದ್ದರಲ್ಲಿ ದಾಸೋಹ. ಕಾಯಕಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸದೆ ದಾಸೋಹ ಮಾಡಿಸುವ ದಾರಿಯನ್ನು ಅವರು ಯಾರೂ ತೋರಿಸಿಲ್ಲ.

ಈ ಮಾತನ್ನು ಹೇಳಿದಾಗಲೆಲ್ಲ ಹಿರಿಯರೊಬ್ಬರು ಎದ್ದು ಒಂದು ಉತ್ತರ ಕೊಡುತ್ತಾರೆ. ‘ನಮ್ಮ ಕಾಲದಲ್ಲಿ ಶಾಲೆ ಕಟ್ಟಿದ್ದೇ ಊರವರು ಕಣಮ್ಮ. ಜಾಗ ಕೊಟ್ಟವರು ಒಬ್ಬರು, ಮರ ಕೊಟ್ಟವರು ಒಬ್ಬರು, ಹೆಂಚು ಹೊತ್ತವರು ಹತ್ತು ಮಂದಿ. ಯಾರೂ ಕೂಲಿ ಕೇಳಲಿಲ್ಲ.’ ಈ ಮಾತು ನಿಜ, ಹಗುರ ಮಾಡುವಂಥದ್ದಲ್ಲ. ಮಲೆನಾಡಿನ ಎಷ್ಟೋ ಶಾಲೆಗಳು ನಿಂತದ್ದೇ ಹಾಗೆ. ಆದರೆ ಆ ಊರಿನವರು ಶಾಲೆಯನ್ನು ತಮ್ಮದು ಎಂದು ಕಟ್ಟಿದರು. ಊರ ಗೌಡರ ಮಗನೂ ಕೂಲಿಯವನ ಮಗನೂ ಅದೇ ಶಾಲೆಗೆ ಹೋಗಬೇಕಿತ್ತು, ಬೇರೆ ಶಾಲೆ ಇರಲಿಲ್ಲ. ಕಟ್ಟಿದವರು ಮೇಷ್ಟರನ್ನು ಪ್ರಶ್ನೆ ಕೇಳುತ್ತಿದ್ದರು, ಇನ್‌ಸ್ಪೆಕ್ಟರು ಬಂದರೆ ಅವರನ್ನೂ ಕೇಳುತ್ತಿದ್ದರು. ಇವತ್ತು ಗೌಡರ ಮೊಮ್ಮಗ ವ್ಯಾನಿನಲ್ಲಿ ಹೋದ. ಕೇಳಿದರೆ ಉತ್ತರ ಸಿಗುವಂಥ ಗಂಟಲುಗಳೆಲ್ಲ ಶಾಲೆ ಬಿಟ್ಟು ಹೋದಮೇಲೆ, ಉಳಿದವರಿಗೆ ಒಡೆತನವಿಲ್ಲದ ದುಡಿಮೆಯನ್ನು ಮಾತ್ರ ಉಳಿಸಿ, ಅದನ್ನು ಪರಂಪರೆ ಎನ್ನುತ್ತಿದ್ದೇವೆ. ಸರ್ಕಾರಿ ನೌಕರರ, ಜನಪ್ರತಿನಿಧಿಗಳ ಮಕ್ಕಳು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಓದುವಂತಾಗಬೇಕು ಎಂದು ಅಲಹಾಬಾದ್ ಹೈಕೋರ್ಟ್ 2015ರಲ್ಲಿ ಹೇಳಿದ್ದು ಸುಮ್ಮನೆ ಅಲ್ಲ. ಆ ಮಾತು ಎಲ್ಲೂ ಜಾರಿಗೆ ಬಂದಂತೆ ಕಾಣಲಿಲ್ಲ. ಬಂದಿದ್ದರೆ ಶೌಚಾಲಯ ತೊಳೆಯುವ ನೌಕರನ ಹುದ್ದೆ ಒಂದೇ ತಿಂಗಳಲ್ಲಿ ಮಂಜೂರಾಗುತ್ತಿತ್ತು.

ಇನ್ನೊಂದು ಉತ್ತರ ಸಮುದ್ರದಾಚೆಯಿಂದ ಬರುತ್ತದೆ. ಅಮೆರಿಕದಲ್ಲಿರುವ ನಮ್ಮ ಕಡೆಯವರು ಮಕ್ಕಳ ಎಲಿಮೆಂಟರಿ ಶಾಲೆಯಲ್ಲಿ ವಾಲಂಟಿಯರ್ ಮಾಡಿದ ಫೋಟೊ ಹಾಕುತ್ತಾರೆ. ‘ಇಲ್ಲಿ ಎಲ್ಲರೂ ಮಾಡ್ತಾರೆ, ನಮ್ಮೂರಲ್ಲಿ ಯಾಕೆ ನಾಚಿಕೆ?’ ಎನ್ನುತ್ತಾರೆ. ಅಲ್ಲಿ ಪಿಟಿಎ ಎಂಬ ಪೋಷಕ ಶಿಕ್ಷಕರ ಸಂಘಕ್ಕೆ 1897ರಿಂದ ಇತಿಹಾಸವಿದೆ, ತಾಯಂದಿರೇ ಸೇರಿ ಕಟ್ಟಿದ್ದು. ಆದರೆ ಫೋಟೊವನ್ನು ಸರಿಯಾಗಿ ನೋಡಿ. ಆ ತಾಯಿ ಮಕ್ಕಳಿಗೆ ಕಥೆ ಓದಿ ಹೇಳುತ್ತಿದ್ದಾಳೆ, ಲೈಬ್ರರಿಯ ಪುಸ್ತಕ ಜೋಡಿಸುತ್ತಿದ್ದಾಳೆ, ದೀಪಾವಳಿಯ ಬಗ್ಗೆ ಹೇಳುತ್ತಿದ್ದಾಳೆ. ಶೌಚಾಲಯ ತೊಳೆಯಲು ಅಲ್ಲಿ ಸಂಬಳದ ನೌಕರ ಇದ್ದಾನೆ. ಶಾಲೆಯ ಮೂಲ ಕೆಲಸ ಮುಗಿದ ಮೇಲೆ ವಾಲಂಟಿಯರ್ ಬರುತ್ತಾಳೆ, ಅದರ ಬದಲಿಗೆ ಅಲ್ಲ. ಅಲ್ಲೂ ಎಲ್ಲ ಸರಿಯಿಲ್ಲ. ಉಳ್ಳವರ ಬಡಾವಣೆಯ ಪಿಟಿಎ ಸಂಗೀತದ ಟೀಚರಿಗೆ ದುಡ್ಡು ಹೊಂದಿಸುತ್ತದೆ, ಬಡವರ ಬಡಾವಣೆಯ ಶಾಲೆಗೆ ಅದು ಆಗುವುದಿಲ್ಲ ಎಂಬ ಜಗಳ ಅಲ್ಲಿ ಹಳೆಯದು. ಪೋಷಕರ ಕೈಗುಣದ ಮೇಲೆ ಶಾಲೆಯನ್ನು ಬಿಟ್ಟರೆ, ಉಳ್ಳವರ ಶಾಲೆ ಚೆನ್ನಾಗಿ, ಇಲ್ಲದವರ ಶಾಲೆ ಇಲ್ಲದ ಹಾಗೇ ಇರುತ್ತದೆ. ಅಮೆರಿಕದಿಂದ ಕಲಿಯುವುದಾದರೆ ಈ ಪಾಠವನ್ನೂ ಕಲಿಯೋಣ.

ಹಾಗಾದರೆ ಮನೆಯವರು ಶಾಲೆಗೆ ಏನು ಮಾಡಬೇಕು? ನನ್ನ ಪಟ್ಟಿ ಚಿಕ್ಕದು.

ಮೊದಲನೆಯದು, ಸಭೆಯನ್ನು ಭಾನುವಾರ ಅಥವಾ ಸಂಜೆ ಇಡಿ. ದುಡಿಯುವ ತಾಯಿ ಬರಲಾಗದ ಹೊತ್ತಿಗೆ ಸಭೆ ಇಟ್ಟು, ಅರ್ಧ ಮಹಿಳೆಯರು ಎಂದು ಕಾಗದದಲ್ಲಿ ತೋರಿಸಿದರೆ ಅದು ಸಹಿಗಳ ಸಭೆ, ಜನರದ್ದಲ್ಲ.

ಎರಡನೆಯದು, ಲೆಕ್ಕ ಗೋಡೆಗೆ ಬರಲಿ. ಬಂದದ್ದು ಇಷ್ಟು, ಖರ್ಚಾದದ್ದು ಇಷ್ಟು, ಬರಬೇಕಾದದ್ದು ಇಷ್ಟು. ನಮ್ಮ ಬೀದಿಯಲ್ಲಿ ಗಣಪತಿ ಕೂರಿಸುವ ಹುಡುಗರು ವಿಸರ್ಜನೆಯಾದ ವಾರದಲ್ಲಿ ಜಮಾ ಖರ್ಚಿನ ಪಟ್ಟಿ ಅಂಟಿಸುತ್ತಾರೆ, ಪಟಾಕಿಗೆ ಕೊಟ್ಟ ದುಡ್ಡಿನವರೆಗೂ. ಅಂಟಿಸದಿದ್ದರೆ ಮುಂದಿನ ವರ್ಷ ಯಾರೂ ಪಟ್ಟಿ ಕೊಡುವುದಿಲ್ಲ ಎಂದು ಅವರಿಗೆ ಗೊತ್ತು. ಹದಿನೆಂಟರ ಹುಡುಗರು ಮಾಡುವುದನ್ನು ಇಲಾಖೆ ಯಾಕೆ ಮಾಡಬಾರದು?

ಮೂರನೆಯದು, ಪ್ರತಿದಿನದ ಕೆಲಸಕ್ಕೆ ಪ್ರತಿದಿನದ ಕೂಲಿ. ಹಳ್ಳಿಗಳಲ್ಲಿ ಉದ್ಯೋಗ ಖಾತರಿಯ ಹಣದಲ್ಲಿ ಶಾಲೆಯ ಕಾಂಪೌಂಡು, ಶೌಚಾಲಯ, ಆಟದ ಮೈದಾನ ಆಗಿವೆ. ದುಡಿದವರಿಗೆ ಕೂಲಿ ಸಿಕ್ಕಿದೆ, ಶಾಲೆಗೂ ಗೋಡೆ ಸಿಕ್ಕಿದೆ, ಯಾರ ಮಾನವೂ ಹೋಗಿಲ್ಲ. ಮಲವಗೊಪ್ಪದಂತೆ ಮಹಾನಗರ ಪಾಲಿಕೆಯ ಗಡಿಯೊಳಗೆ ಸೇರಿದ ಊರುಗಳಿಗೆ ಆ ದಾರಿಯೂ ಇಲ್ಲ. ಬೀದಿ ಗುಡಿಸಲು ಪೌರಕಾರ್ಮಿಕರನ್ನು ಕೊಡುವ ಪಾಲಿಕೆ ಅದೇ ಬೀದಿಯ ಶಾಲೆಗೂ ಕೊಡಲಿ, ಪೂರ್ತಿ ಸಂಬಳಕ್ಕೆ, ಗ್ಲೌಸು ಬೂಟುಗಳ ಸಮೇತ.

ಇವು ಮೂರೂ ಆದಮೇಲೆ, ಅಗತ್ಯವಾಗಿ ಆದಮೇಲೆ, ಮನೆಯವರು ಬರಲಿ. ಹಸೆಚಿತ್ತಾರ ಬಲ್ಲ ಅಜ್ಜಿ ಬಂದು ಗೋಡೆಗೆ ಬರೆಯಲಿ, ಮಕ್ಕಳಿಗೂ ಕಲಿಸಲಿ. ಕಾಗದದ ಕಾರ್ಖಾನೆಯಲ್ಲಿ ದುಡಿದ ಅಜ್ಜ ಬಿದಿರು ಹೇಗೆ ನೋಟ್‌ಪುಸ್ತಕವಾಗುತ್ತದೆ ಎಂದು ಹೇಳಲಿ. ಗಾರೆ ಕೆಲಸದ ಅಪ್ಪ ಬಂದು ತೂಕದ ಗುಂಡಿನಿಂದ ಗೋಡೆ ನೆಟ್ಟಗಿದೆಯೇ ಎಂದು ನೋಡುವುದನ್ನು ತೋರಿಸಲಿ, ಅದರಲ್ಲಿ ಇಡೀ ರೇಖಾಗಣಿತದ ಪಾಠವಿದೆ. ಅವರ ಕೈಯಲ್ಲಿರುವ ವಿದ್ಯೆಗಾಗಿ ಅವರನ್ನು ಕರೆಯಿರಿ. ತನ್ನಪ್ಪನನ್ನು ಮೇಷ್ಟರು ಕುರ್ಚಿ ಹಾಕಿ ಕೂರಿಸಿ ‘ನೀವು ಹೇಳಿ’ ಎನ್ನುವುದನ್ನು ನೋಡಿದ ಮಗು ಶಾಲೆ ಬಿಡುವ ಮಾತಾಡುವುದಿಲ್ಲ. ಅಪ್ಪ ಚರಂಡಿ ಬಳಿಯುವುದನ್ನು ಗೆಳೆಯರ ಎದುರು ನೋಡಿದ ಮಗು ಏನು ಕಲಿಯಿತು ಎಂದು ಕೇಳುವ ಧೈರ್ಯ ಯಾರಿಗಿದೆ?

ಮುಂದಿನ ಸಲ ಆ ಫೋಟೊ ನಿಮ್ಮ ಮೊಬೈಲಿಗೆ ಬಂದಾಗ ಚಪ್ಪಾಳೆ ಒತ್ತುವ ಮುಂಚೆ ಎರಡು ಪ್ರಶ್ನೆ ಟೈಪ್ ಮಾಡಿ. ಇವರಿಗೆ ಇವತ್ತಿನ ಕೂಲಿ ಯಾರು ಕೊಟ್ಟರು? ಇವರಿಗೆ ಶಾಲೆಯ ಲೆಕ್ಕ ಯಾರು ತೋರಿಸಿದರು? ಗುಂಪಿನಿಂದ ನಿಮ್ಮನ್ನು ತೆಗೆದುಹಾಕಬಹುದು. ಹಾಕಲಿ. ಉತ್ತರ ಕೊಡಬೇಕಾದವರು ಆ ಗುಂಪಿನಲ್ಲೇ ಇರುತ್ತಾರೆ.